ಸಿವುಡುಗಳಿಲ್ಲದ ಹೊಲ

ಅದು ೧೮೬೭ನೇ ಇಸವಿಯ ಮಾರ್ಚ್ ಆರನೆಯ ತಾರೀಖು, ಬೂದಿ ಬುಧವಾರ. ಬೆಳಗಿನ ಪೂಜೆ ಮುಗಿಸಿ, ಪಾದ್ರಿಗಳು ಹಣೆಗಿಟ್ಟ ಬೂದಿಯೊಂದಿಗೇ ದಫೇದಾರ ಬ್ರೋಸಾರ್ ಠಾಣೆಗೆ ಬಂದಾಗ ಮೆಟ್ಟಿಲ ಮೇಲೆ ಚಿತ್ರಕಾರ ಮೊಂತೆಲ್ ಕೂತಿದ್ದ. ತಲೆಯ ಮೇಲೆ ಟೋಪಿಯಿರಲಿಲ್ಲ. ಒಂದು ಕಾಲಿಗೆ ಮರದ ಜೋಡು, ಇನ್ನೊಂದಕ್ಕೆ ಚರ್ಮದ್ದು ಹಾಕಿಕೊಂಡು ಬಂದಿದ್ದ.

"ಹೋಯ್ತು ದಫೇದಾರ್ರೇ. ಎಲ್ಲಾ ಹೋಯ್ತು."

"ಯಾರು ಹೋದ್ರು?" ಎಂದು ಬ್ರೋಸಾರ್ ಕೇಳಿದ. ಆ ಚಳಿಗಾಲದಲ್ಲಿ ಬುರ್ಸೆಲ್ ಊರಿನವರಿಗೆ ಹೋಯಿತು ಎಂಬ ಮಾತಿಗೆ ಒಂದೇ ಅರ್ಥವಿತ್ತು. ಜ್ವರ ಮನೆಮನೆ ಹೊಕ್ಕು ಹೋಗಿತ್ತು. ಬ್ರೋಸಾರನ ಹೆಂಡತಿ ಕ್ಲೆಮಾನ್ಸಳನ್ನು ಮಣ್ಣು ಮಾಡಿದ್ದು ನವೆಂಬರಿನಲ್ಲಿ. ಅವಳ ಗೋರಿಯ ಮೇಲೆ ಇನ್ನೂ ಹುಲ್ಲು ಹುಟ್ಟಿರಲಿಲ್ಲ.

ಹೋಗಿದ್ದು ಮನುಷ್ಯರಲ್ಲ, ಚಿತ್ರ. ಮೊಂತೆಲ್ ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಕೂತು ಬರೆಯುತ್ತಿದ್ದ ದೊಡ್ಡ ಚಿತ್ರ ಅಲ್ಲಿಂದ ಕಳವಾಗಿತ್ತು. ಪ್ಯಾರಿಸಿನ ವಾರ್ಷಿಕ ಪ್ರದರ್ಶನಕ್ಕೆ ಅದು ಇದೇ ತಿಂಗಳ ಇಪ್ಪತ್ತರೊಳಗೆ ತಲುಪಬೇಕಾಗಿತ್ತು. ಹಿಂದಿನ ಮೂರು ಸಲವೂ ಅಲ್ಲಿಯವರು ಅವನ ಚಿತ್ರಗಳನ್ನು ಹಿಂದಕ್ಕೆ ಕಳಿಸಿದ್ದರು. ಈ ಸಲ ಕಳಿಸುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತಂತೆ.

ಪೇದೆ ತಿಯೆಬೊ ಪ್ರಥಮ ವರ್ತಮಾನ ವರದಿ ಬರೆಯಲು ಕೂತ. ಅಳತೆ, ಬಟ್ಟೆ, ಚೌಕಟ್ಟು ಎಲ್ಲವೂ ಬೇಗ ಮುಗಿಯಿತು.

"ಚಿತ್ರದಲ್ಲಿ ಏನಿತ್ತು?" ದಫೇದಾರ ಕೇಳಿದ.

"ಸಂಜೆ."

ತಿಯೆಬೊ ಲೇಖನಿ ಎತ್ತಿ ದಫೇದಾರನ ಮುಖ ನೋಡಿದ.

"ಸಂಜೆ ಕಳವಾಗಿದೆ ಅಂತ ಬರೆಯೋಕಾಗಲ್ಲ ಸ್ವಾಮಿ. ವಸ್ತು ಹೇಳಿ."

"ಕುಯ್ಲು ಮುಗಿದ ಹೊಲ. ಬಗ್ಗಿ ಹಕ್ಕಲು ತೆನೆ ಆಯ್ತಿರೋ ಒಬ್ಬ ಹೆಂಗಸು. ಅವಳ ಹಿಂದೆ ಚಿನ್ನದಂಥಾ ಒಂದು ತೂಕ."

"ಎಷ್ಟು ತೂಕ?"

"ತಕ್ಕಡಿ ತೂಕ ಅಲ್ರೀ. ಕಣ್ಣು ಹೋಗಿ ಕೂತ್ಕೊಳ್ಳೋಕೆ ಹಿಂದುಗಡೆ ಒಂದು ತೂಕ ಬೇಕು. ಇಲ್ದಿದ್ರೆ ಹೊಲ ಬರಿದು."

ತಿಯೆಬೊ ಸ್ವಲ್ಪ ಯೋಚಿಸಿ 'ಹಿಂಭಾಗದಲ್ಲಿ ಹಳದಿ ಬಣ್ಣ' ಎಂದು ಬರೆದ.

ಹೆಂಗಸು ಯಾರೆಂದು ಕೇಳಿದರೆ ಮೊಂತೆಲನಿಗೆ ಹೆಸರು ಗೊತ್ತಿರಲಿಲ್ಲ. ಬಗ್ಗಿದವಳ ಮುಖ ಹೇಗೂ ಕಾಣುವುದಿಲ್ಲ, ಹೆಸರು ಕಟ್ಟಿಕೊಂಡು ಏನು ಮಾಡಲಿ ಎಂದ. ಯಾರ ಜೊತೆಗಾದರೂ ಜಗಳವಿತ್ತೇ ಎಂದಾಗ ಇಲ್ಲವೆಂದ. ಆಮೇಲೆ ಬೇಸರದಿಂದ ಒಂದು ಮಾತು ಸೇರಿಸಿದ.

"ತಿದ್ದೋಕೆ ಬರೋರು ಮಾತ್ರ ಬೇಕಾದಷ್ಟು ಜನ. ಈ ಊರಲ್ಲಿ ಹಸು ಕಾಯೋನೂ ಪಂಡಿತನೇ. ಇಲ್ಲಿ ಮರ ಇಡಿ, ಅಲ್ಲಿ ಹುಲ್ಲು ತೆಗೀರಿ ಅಂತಾರೆ."

"ಯಾರು ಹಾಗೆ ಅಂದೋರು?"

"ಯಾರಿಗೆ ಗೊತ್ತು? ಕುಂಚ ಹಿಡ್ದಾಗ ನಾನು ಹಿಂದಕ್ಕೆ ತಿರುಗಲ್ಲ."

ಆ ಮಾತನ್ನು ತಿಯೆಬೊ ಬರೆದುಕೊಳ್ಳಲಿಲ್ಲ. ದಫೇದಾರ ಬರೆಯೆಂದು ಹೇಳಲೂ ಇಲ್ಲ.

ಹತ್ತು ಗಂಟೆಗೆ ಸ್ಥಳ ಪಂಚನಾಮೆ ನಡೆಯಿತು. ಪಂಚರಾಗಿ ಛತ್ರದೊಡತಿ ಮದಾಂ ಪೆಲ್ಲೆಯನ್ನೂ ಹೊಲಗಾವಲಿನ ಬಾರ್ನಬೆಯನ್ನೂ ಕರೆಸಿದರು.

ಬಾರ್ನಬೆ ಬ್ರೋಸಾರನಿಗಿಂತ ಹಿರಿಯ. ಊರಿನ ಡೋಲು ಅವನದು. ಎತ್ತು ತಪ್ಪಿಸಿಕೊಂಡರೂ ಹೊಸ ಹುಕುಂ ಬಂದರೂ ಡೋಲು ಬಾರಿಸಿ ಸಾರುವವನು ಅವನೇ. ಅವನ ಡೋಲಿಗೆ ನಿಜವಾದ ಬೆಲೆ ಬರುವುದು ಮಾತ್ರ ಕುಯ್ಲಿನ ಕೊನೆಗೆ. ಕುಯ್ದು ಕಟ್ಟಿದ ಪೈರಿನ ಕೊನೆಯ ಸಿವುಡು ಗಾಡಿಗೇರಿ ಮನೆ ಸೇರುವವರೆಗೆ ಬಿದ್ದ ತೆನೆಯೂ ಒಡೆಯನದೇ. ಗಾಡಿ ಹೋದ ಮೇಲೆ ಬಾರ್ನಬೆ ಬದುವಿನ ಮೇಲೆ ನಿಂತು ಡೋಲು ಬಾರಿಸುತ್ತಾನೆ. ಅಲ್ಲಿಂದ ಸೂರ್ಯ ಮುಳುಗುವವರೆಗೆ ಕುಯ್ದು ಉಳಿದ ಮೋಟು ಕೂಳೆಯಲ್ಲಿ ಬಿದ್ದದ್ದೆಲ್ಲ ಬಡವರದು. ಡೋಲಿಗೆ ಮುಂಚೆ ಇಳಿದವಳು ಕಳ್ಳಿ. ಅದಕ್ಕೆ ದಂಡವೂ ಉಂಟು. ಆದರೆ ದಂಡ ಕಟ್ಟಿ ಮರೆಯಬಹುದು, ಆ ಹೆಸರು ಮಾತ್ರ ಗೋರಿಯವರೆಗೂ ಬರುತ್ತದೆ.

ಕೊಟ್ಟಿಗೆಯ ಬೀಗ ಒಡೆದಿರಲಿಲ್ಲ. ಕೀಲಿಕೈ ಒಣಗಿದ ಗಿಡದ ಕುಂಡದ ಕೆಳಗಿತ್ತು. ಅದು ಅಲ್ಲಿರುವ ವಿಷಯ ಊರಿಗೆಲ್ಲ ಗೊತ್ತಿತ್ತು. ಮರದ ಚೌಕಟ್ಟು ಗೋಡೆಗೆ ಒರಗಿಕೊಂಡೇ ಇತ್ತು. ಬಟ್ಟೆಯನ್ನು ಮಾತ್ರ ಅಂಚಿನುದ್ದಕ್ಕೂ ಚೂರಿಯಿಂದ ಬಿಡಿಸಿಕೊಂಡು ಹೋಗಿದ್ದರು. ಕೊಯ್ದ ಗೆರೆ ಎಲ್ಲಿಯೂ ಅಳುಕಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಮೊಂತೆಲ್ ಛತ್ರಕ್ಕೆ ಹೋದವನು ಕಾರ್ನಿವಲ್ ಹಬ್ಬದ ಕುಡಿತದಲ್ಲಿ ಅಲ್ಲೇ ಬೆಂಚಿನ ಮೇಲೆ ಮಲಗಿಬಿಟ್ಟಿದ್ದ. ಇಡೀ ಊರು ಮುಖವಾಡ ಹಾಕಿಕೊಂಡು ಬೀದಿಯಲ್ಲಿತ್ತು. ಯಾರು ಎಲ್ಲಿದ್ದರೆಂದು ಯಾರೂ ಹೇಳುವ ಹಾಗಿರಲಿಲ್ಲ.

"ನೀನು ಆ ಚಿತ್ರ ನೋಡಿದ್ಯಾ ಬಾರ್ನಬೆ?" ದಫೇದಾರ ವಾಡಿಕೆಯಂತೆ ಕೇಳಿದ.

"ನನಗ್ಯಾಕಪ್ಪಾ ಚಿತ್ರ? ಈ ಕೊಟ್ಟಿಗೆಗೆ ಕಾಲಿಡ್ತಿರೋದು ಇವತ್ತೇ. ಅದರಲ್ಲಿರೋದು ನಮ್ಮ ಸೊಲಾಂಜ್ ಅಂತಾರೆ. ಮುಖಾನೇ ಇಲ್ವಂತೆ."

ಸೊಲಾಂಜ್ ಅವನ ಒಬ್ಬಳೇ ಮಗಳು. ಗಂಡ ಸತ್ತ ಮೇಲೆ ತವರಿಗೆ ಬಂದು ತಂದೆಯ ಜೊತೆಗಿದ್ದವಳನ್ನು ಜನವರಿಯಲ್ಲಿ ಅದೇ ಜ್ವರ ಕರೆದುಕೊಂಡಿತ್ತು. ದಫೇದಾರ ಅವನ ಹೆಗಲ ಮೇಲೆ ಕೈಯಿಟ್ಟು ಮುಂದೆ ಕೇಳಲಿಲ್ಲ. ಮುಖವಿಲ್ಲದ ಚಿತ್ರವನ್ನು ನೆನಪಿಗಾಗಿ ಯಾರೂ ಕದಿಯುವುದಿಲ್ಲ ಎಂದುಕೊಂಡ. ಬಾರ್ನಬೆ ಪಂಚನಾಮೆಗೆ ರುಜು ಹಾಕಿದ.

ಕಳವಿನ ವಿಷಯವನ್ನು ಊರಿಗೆ ಸಾರಬೇಕಾಗಿತ್ತು. ಬಾರ್ನಬೆ ಚರ್ಚಿನ ಮುಂದೆ ನಿಂತು ಡೋಲು ಬಾರಿಸಿದ. ಸದ್ದು ಎಂದಿನಂತೆ ಹೊರಡಲಿಲ್ಲ, ಕಂಬಳಿ ಹೊದ್ದವನ ಕೆಮ್ಮಿನ ಹಾಗಿತ್ತು.

"ಏನಜ್ಜಾ, ನಿನ್ನ ಡೋಲಿಗೆ ನೆಗಡಿನಾ?" ಮದಾಂ ಪೆಲ್ಲೆ ಕೂಗಿದಳು.

"ಮಾರ್ಚಿನ ತೇವ ಕಣಮ್ಮಾ. ಚರ್ಮಕ್ಕೂ ನನ್ನಷ್ಟೇ ವಯಸ್ಸಾಯ್ತು."

ಜನ ನಕ್ಕರು. ದಫೇದಾರನೂ ನಕ್ಕ.

ಆ ವಾರವೆಲ್ಲ ವಿಚಾರಣೆಯಲ್ಲಿ ಹೋಯಿತು. ಬ್ರೋಸಾರ್ ಕಳ್ಳತನಗಳನ್ನು ಕಾಣದವನಲ್ಲ. ಹಸು ಕಳವಾದರೆ ಅದರ ಕೊಂಬು ಹೇಗಿತ್ತೆಂದು ಹತ್ತು ಜನ ಹೇಳುತ್ತಾರೆ. ಈ ಚಿತ್ರವನ್ನು ನೋಡಿದವರು ಊರಲ್ಲಿ ಇದ್ದರೂ ಅದು ಹೇಗಿತ್ತೆಂದು ಹೇಳುವವರು ಒಬ್ಬರೂ ಸಿಗಲಿಲ್ಲ. ಬಣ್ಣದವರ ಚಿತ್ರ ಎಲ್ಲಾ ಒಂದೇ, ಒಂದು ಹಸು, ಒಂದು ಮರ, ಒಂದಿಷ್ಟು ಕೆಸರು ಎಂದಳು ಮದಾಂ ಪೆಲ್ಲೆ. ನಾವು ದಿನಾ ನೋಡುವ ಹೊಲವನ್ನು ಗೋಡೆಗೆ ಯಾಕೆ ತೂಗುಹಾಕಬೇಕು ಎಂದು ಗಾಡಿಯವನು ಇವನನ್ನೇ ಕೇಳಿದ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟವಾಗಿತ್ತು. ಕಳೆದದ್ದು ದೊಡ್ಡದೆಂದು ಮೊಂತೆಲನೊಬ್ಬನನ್ನು ಬಿಟ್ಟು ಯಾರಿಗೂ ಅನ್ನಿಸಿರಲಿಲ್ಲ.

ಛತ್ರದ ಮೇಲುಕೋಣೆಯಲ್ಲಿ ಹೋರೇಸ್ ವಿಟ್ಕಂ ಎಂಬ ಅಮೆರಿಕದ ಚಿತ್ರಕಾರನಿದ್ದ. ಉದ್ದ ಕಾಲಿನ, ಕೆಂಪು ಗಡ್ಡದ ಮನುಷ್ಯ. ಮೊಂತೆಲನ ಜೊತೆ ಅವನು ವಾದ ಮಾಡಿದ್ದನ್ನು ಕೇಳಿದವರಿದ್ದರು. ಗುರುವಾರ ಅವನ ಕೋಣೆಯ ಜಡ್ತಿ ನಡೆಯಿತು. ಸುರುಳಿ ಸುತ್ತಿಟ್ಟ ಬಟ್ಟೆಗಳನ್ನೆಲ್ಲ ತಿಯೆಬೊ ಬಿಡಿಸಿ ಹಾಸಿದ. ಎಲ್ಲವೂ ಬಂಡೆ, ಓಕ್ ಮರ, ಮತ್ತೆ ಬಂಡೆ.

"ಜನ ಎಲ್ಲಿ?" ದಫೇದಾರ ಕೇಳಿದ.

"ನಮ್ಮ ಕಡೆ ಬೆಟ್ಟ ಬರೆಯೋವಾಗ ಜನರನ್ನ ಸೇರಿಸೋದು ಕಮ್ಮಿ. ದೇವರು ಮಾಡಿದ್ದಷ್ಟೇ ಬರೀತೀವಿ."

"ಹಾಗಾದ್ರೆ ಜನರನ್ನ ಯಾರು ಮಾಡಿದ್ರು?"

ವಿಟ್ಕಂ ಗಡ್ಡ ಕೆರೆದುಕೊಂಡ. ಮೊಂತೆಲನೂ ತನಗೆ ಇದನ್ನೇ ಕೇಳಿದ್ದ, ವಾದ ನಡೆದದ್ದು ಅದಕ್ಕೇ ಎಂದ. ಪೆಟ್ಟಿಗೆಯ ತಳದಲ್ಲಿ ಬೋರಲಾಗಿಟ್ಟ ಒಂದು ಸಣ್ಣ ಹಲಗೆಯಿತ್ತು. ಅಂಗೈ ಎರಡು ಜೋಡಿಸಿದಷ್ಟು ಅಗಲ. ತಾವು ಹುಡುಕುತ್ತಿದ್ದುದು ದೊಡ್ಡ ಬಟ್ಟೆ. ತಿಯೆಬೊ ಆ ಹಲಗೆಯನ್ನು ತಿರುಗಿಸಿ ನೋಡದೆ ಮತ್ತೆ ಅಲ್ಲೇ ಇಟ್ಟ.

ಶುಕ್ರವಾರ ಮೇಲಿನಿಂದ ಕಾಗದ ಬಂತು. ಮೊಂತೆಲನ ದೊಡ್ಡಪ್ಪ ಜಿಲ್ಲಾಧಿಕಾರಿಗಳ ಜೊತೆ ಊಟ ಮಾಡುವಂಥವನು. ಪ್ರದರ್ಶನಕ್ಕೆ ಸೇರುವ ದಿನದೊಳಗೆ ಚಿತ್ರವೂ ಕಳ್ಳನೂ ಸಿಗದಿದ್ದರೆ ದಫೇದಾರ ಬ್ರೋಸಾರನನ್ನು ಬ್ರಿಟನಿಯ ಕರಾವಳಿಯ ಒಂದು ಠಾಣೆಗೆ ವರ್ಗ ಮಾಡಲಾಗುವುದು ಎಂದಿತ್ತು.

ಬ್ರೋಸಾರ್ ಕಾಗದವನ್ನು ಮಡಚಿಟ್ಟು ಹೊರಗೆ ಬಂದ. ಠಾಣೆಯ ಹಿಂದಿನ ಬಾಗಿಲಿನಿಂದ ಚರ್ಚಿನ ಅಂಗಳದ ಗೋಡೆ ಕಾಣುತ್ತದೆ. ಗೋಡೆಯಾಚೆ ಕ್ಲೆಮಾನ್ಸ್. ದಿನವೂ ಸಂಜೆಯ ಗಂಟೆ ಹೊಡೆದಾಗ ಅವಳ ಬಳಿ ನಿಂತು ಒಂದು ಪ್ರಾರ್ಥನೆ ಹೇಳಿ ಬರುವುದೊಂದೇ ಈಗ ಅವನ ಸಂಸಾರ. ಮಕ್ಕಳಿರಲಿಲ್ಲ. ತಾನು ಸಮುದ್ರದ ದಂಡೆಗೆ ಹೋದರೆ ಇಲ್ಲಿ ಅವಳ ಹೆಸರು ಹಿಡಿದು ಪ್ರಾರ್ಥಿಸುವವರು ಯಾರು? ಈ ಮಾತನ್ನು ಅವನು ಆ ದಿನ ಹೇಳಿಕೊಂಡದ್ದು ಬಾರ್ನಬೆಯ ಹತ್ತಿರ ಮಾತ್ರ.

"ನೀನು ಹೋಗ್ಬಾರ್ದು," ಎಂದ ಬಾರ್ನಬೆ. "ಗೋರಿ ಹತ್ರ ಒಬ್ಬರು ಇರ್ಬೇಕು."

ಶನಿವಾರ ದೊಡ್ಡ ರೈತ ಗೋದ್ರಿಯ ಹೇಳಿಕೆ ಪಡೆದರು. ಚಿತ್ರದಲ್ಲಿದ್ದ ಹೊಲ ಅವನದು. ಕೊಟ್ಟಿಗೆಗೆ ಹೋಗಿ ಎರಡು ಸಲ ಚಿತ್ರ ನೋಡಿ ಬಂದಿದ್ದೇನೆಂದು ಅವನೇ ಹೇಳಿದ. ಚೆನ್ನಾಗಿತ್ತೇ ಎಂದು ದಫೇದಾರ ಕೇಳಿದ್ದಕ್ಕೆ ಹೊಟ್ಟೆ ಕುಲುಕಿಸಿ ನಕ್ಕ.

"ಈ ಊರಲ್ಲಿ ಇದ್ದದ್ದನ್ನ ಇದ್ದ ಹಾಗೆ ಬರೆದೋನು ಅವನೊಬ್ಬನೇ ದಫೇದಾರ್ರೇ. ನಾನು ಬಾಯಲ್ಲಿ ಹೇಳಿದ್ದೆ, ಅವನು ಬಣ್ಣದಲ್ಲಿ ಹೇಳ್ದ."

ಹೊಲ ಹೊಲದ ಹಾಗೇ ಬಂದಿದೆ ಎನ್ನುತ್ತಿದ್ದಾನೆಂದು ದಫೇದಾರ ತಿಳಿದ. ಜೊತೆಗೆ ಬಂದಿದ್ದ ಬಾರ್ನಬೆ ಒಳಗೆ ಬಾರದೆ ಗೇಟಿನ ಬಳಿಯೇ ನಿಂತಿದ್ದ. ಗೋದ್ರಿ ಮನೆಯ ಹೊಸಿಲು ಅವನು ತುಳಿಯುವುದಿಲ್ಲ, ಏನೋ ಹಳೆಯ ಮಾತು ಎಂದು ತಿಯೆಬೊ ದಾರಿಯಲ್ಲಿ ಹೇಳಿದ. ಹಳ್ಳಿಯಲ್ಲಿ ಹಳೆಯ ಮಾತಿಲ್ಲದ ಹೊಸಿಲು ಯಾವುದಿದೆ ಎಂದು ದಫೇದಾರ ಅದನ್ನೂ ಬಿಟ್ಟ.

ಭಾನುವಾರ ಹತ್ತನೆಯ ತಾರೀಖು. ಬೂದಿ ಬುಧವಾರಕ್ಕೆ ಶುರುವಾಗುವ ತಪಸ್ಸು ಕಾಲದ ಮೊದಲ ಭಾನುವಾರ ಬುರ್ಸೆಲ್‌ನವರು ಹುಲ್ಲಿನ ಪಂಜು ಕಟ್ಟಿಕೊಂಡು ಮುಸ್ಸಂಜೆಯಲ್ಲಿ ಹೊಲಗಳನ್ನು ಸುತ್ತುತ್ತಾರೆ. ಬೆಳೆಗೆ ರೋಗ ಬರಬಾರದು, ಇಲಿ ಹೆಗ್ಗಣ ಓಡಿಹೋಗಲಿ ಎಂದು ಹಾಡುತ್ತಾರೆ. ಮೊದಲ ಪಂಜು ಹೊಲಗಾವಲಿನವನದು. ಬಾರ್ನಬೆಯ ಪಂಜು ಆ ವರ್ಷ ಎಲ್ಲರದಕ್ಕಿಂತ ದಪ್ಪವಾಗಿತ್ತು. ಉಳಿದವರ ಹುಲ್ಲು ಎರಡು ಹೊಲ ದಾಟುವಷ್ಟರಲ್ಲಿ ಬೂದಿಯಾದರೂ ಅವನದು ಕಪ್ಪು ಹೊಗೆ ಬಿಡುತ್ತಾ, ಅಗಸೆ ಎಣ್ಣೆಯ ವಾಸನೆ ಬೀರುತ್ತಾ ಗೋದ್ರಿಯ ಹೊಲದ ಬದುವಿನವರೆಗೂ ಉರಿಯಿತು. ಅಲ್ಲಿ ಅದನ್ನು ನೆಲಕ್ಕೆ ಚುಚ್ಚಿ, ಪೂರ್ತಿ ಉರಿದು ಹೋಗುವವರೆಗೂ ಟೋಪಿ ತೆಗೆದು ನಿಂತ.

"ದೀಪದೆಣ್ಣೆಯೆಲ್ಲಾ ಸುರಿದಿದೀಯಲ್ಲೋ ಮಾರಾಯ," ಎಂದ ದಫೇದಾರ, ಅವನ ಪಕ್ಕದಲ್ಲೇ ಕೈ ಕಾಯಿಸಿಕೊಳ್ಳುತ್ತಾ.

"ಈ ವರ್ಷ ಚೆನ್ನಾಗಿ ಉರಿಯಲಿ ಅಂತ," ಎಂದ ಬಾರ್ನಬೆ.

ಮುಂದಿನ ವಾರವೂ ಹಾಗೇ ಕಳೆಯಿತು. ಸುತ್ತಲ ಊರುಗಳ ಸಂತೆಗಳಿಗೆ, ಚೌಕಟ್ಟು ಮಾಡುವವರಿಗೆ, ರೈಲು ನಿಲ್ದಾಣಕ್ಕೆ ತಿಳಿವಳಿಕೆ ಹೋಯಿತು. 'ಹಿಂಭಾಗದಲ್ಲಿ ಹಳದಿ ಬಣ್ಣವುಳ್ಳ ಹೆಂಗಸಿನ ಚಿತ್ರ' ಎಂಬ ವರ್ಣನೆಗೆ ಹೊಂದುವ ಚಿತ್ರಗಳು ನಾಲ್ಕು ಕಡೆಯಿಂದ ಬಂದವು. ಅವುಗಳಲ್ಲಿ ಒಂದು ಮಾತೆ ಮರಿಯಮ್ಮನದಾಗಿತ್ತು. ಮೊಂತೆಲ್ ದಿನವೂ ಠಾಣೆಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಗಡ್ಡ ಬೋಳಿಸುವುದನ್ನು ಬಿಟ್ಟಿದ್ದ. ಮತ್ತೆ ಬರೆಯಬಹುದಲ್ಲ ಎಂದು ತಿಯೆಬೊ ಒಮ್ಮೆ ಹೇಳಿದ್ದಕ್ಕೆ, ನಿನ್ನ ತಾಯಿ ನಿನ್ನನ್ನು ಮತ್ತೆ ಹೆರುತ್ತಾಳೇನೋ ಎಂದು ಕೇಳಿದ. ಬ್ರೋಸಾರ್ ಬೈಗಳನ್ನೆಲ್ಲ ನುಂಗಿಕೊಂಡ. ಎಲ್ಲೋ ಒಂದು ಎಳೆ ಕಣ್ಣೆದುರಿಗೇ ಇದೆ, ಕೈಗೆ ಮಾತ್ರ ಸಿಗುತ್ತಿಲ್ಲ ಎಂಬ ಸಂಕಟ ಅವನನ್ನು ಊಟದ ಹೊತ್ತಿಗೂ ಬಿಡುತ್ತಿರಲಿಲ್ಲ.

ಹದಿನೆಂಟನೆಯ ತಾರೀಖು ಸೋಮವಾರ ಬೆಳಿಗ್ಗೆ ಅಮೆರಿಕದ ವಿಟ್ಕಂ ತಾನಾಗಿ ಠಾಣೆಗೆ ಬಂದ. ಊರು ಬಿಟ್ಟು ಹೊರಟಿದ್ದ. ಕೈಯಲ್ಲಿ ಆ ಸಣ್ಣ ಹಲಗೆಯಿತ್ತು.

"ಇದು ಮೊಂತೆಲ್ ನನಗೆ ಕೊಟ್ಟಿದ್ದು," ಎಂದ. "ಆಗಸ್ಟಿನಲ್ಲಿ ಹೊಲದಲ್ಲೇ ಕೂತು ಒಂದು ಗಂಟೆಯಲ್ಲಿ ಬರೆದ ಕರಡು. ಇದನ್ನ ನೋಡ್ಕೊಂಡೇ ಚಳಿಗಾಲದಲ್ಲಿ ಕೊಟ್ಟಿಗೆಯೊಳಗೆ ದೊಡ್ಡದು ಬರೆದ. ನಿಮಗೆ ಗುರುತಿಗೆ ಬೇಕಾಗಬಹುದು."

ಬ್ರೋಸಾರನಿಗೆ ಸಿಟ್ಟೂ ಬಂತು, ನಗುವೂ ಬಂತು. ಇಷ್ಟು ದಿನ ಎಲ್ಲಿಟ್ಟಿದ್ದೆ ಎಂದರೆ, ನಿಮ್ಮ ಪೇದೆ ಕೈಯಲ್ಲಿ ಹಿಡಿದು ವಾಪಸು ಇಟ್ಟರು, ಬೇಡವೆಂದುಕೊಂಡೆ ಎಂದ. ತಿಯೆಬೊ ಕಿಟಕಿಯಾಚೆ ನೋಡುತ್ತಾ ನಿಂತ.

ದಫೇದಾರ ಹಲಗೆಯನ್ನು ಬೆಳಕಿಗೆ ಹಿಡಿದ. ಕೂಳೆಯ ಹೊಲ, ಅದರ ಕೊನೆಗೆ ಕಾಡಿನ ನೀಲಿ ಅಂಚು. ನಡುವೆ ನೀಲಿ ಲಂಗದ ಒಬ್ಬಳು ನಡು ಬಗ್ಗಿಸಿ, ಎಡಗೈಯನ್ನು ಬೆನ್ನಿನ ಮೇಲಿಟ್ಟುಕೊಂಡು, ಬಲಗೈಯಿಂದ ತೆನೆ ಆಯುತ್ತಿದ್ದಳು. ಮುಖವಿರಲಿಲ್ಲ, ನಿಜ. ಆದರೆ ಎಡಗೈ ಹಾಗೆ ಇಟ್ಟುಕೊಳ್ಳುತ್ತಿದ್ದವಳು ಬುರ್ಸೆಲ್‌ನಲ್ಲಿ ಒಬ್ಬಳೇ. ನೋಡಿದ ಕೂಡಲೇ ಅವನಿಗೂ ತಿಳಿಯಿತು.

ಬಾರ್ನಬೆ ಠಾಣೆಯ ಒಲೆಯ ಹತ್ತಿರ ಕೂತಿದ್ದ. ಪಕ್ಕದಲ್ಲಿ ಡೋಲಿತ್ತು. ಅವನಿಗೆ ನೋವಾಗುವುದೇನೋ ಎಂದು ದಫೇದಾರ ಒಂದು ಕ್ಷಣ ಹಿಂಜರಿದು, ಆಮೇಲೆ ಹಲಗೆಯನ್ನು ಅವನ ಕೈಗೆ ಕೊಟ್ಟ.

ಮುದುಕ ಅದನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದ.

"ಇದರಲ್ಲಿ ಸಿವುಡಿಲ್ಲ," ಎಂದ ಮೆಲ್ಲಗೆ. "ಇದು ಸರಿಯಾಗಿದೆ."

ಒಲೆಯಲ್ಲಿ ಸೌದೆ ಚಟಗುಟ್ಟಿತು. ದಫೇದಾರ ಕುರ್ಚಿ ಎಳೆದುಕೊಂಡು ಅವನೆದುರು ಕೂತ.

"ಯಾವುದರಲ್ಲಿ ಸಿವುಡಿತ್ತು, ಬಾರ್ನಬೆ?"

ಬ್ರೋಸಾರನಿಗೆ ಆಗ ಒಂದೊಂದಾಗಿ ಎಲ್ಲವೂ ಬಂದು ಎದೆಗೆ ಹೊಡೆಯಿತು: ಚಿನ್ನದಂಥ ತೂಕ, ಗೋದ್ರಿಯ ನಗು, ಚಿತ್ರಕಾರರು ಬಣ್ಣ ಕಲಸುವ ಅಗಸೆ ಎಣ್ಣೆಯ ವಾಸನೆ ಬೀರಿದ ಪಂಜು. ತಾನು ಆ ಪಂಜಿಗೆ ಕೈ ಕಾಯಿಸಿಕೊಂಡಿದ್ದ.

"ಕೊಟ್ಟಿಗೆಗೆ ಕಾಲೇ ಇಟ್ಟಿಲ್ಲ ಅಂದಿದ್ದೆ."

"ಅಂದಿದ್ದೆ."

"ಹೇಳು."

ಬಾರ್ನಬೆ ಸೊಂಟದಿಂದ ಡೋಲಿನ ಕಡ್ಡಿಗಳನ್ನು ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟ. ಆಮೇಲೆ ಹೇಳಿದ. ತಿಯೆಬೊ ಬರೆದುಕೊಂಡ.

ಮಗಳನ್ನು ಮಣ್ಣು ಮಾಡಿದ ಮೇಲೆ, ಅವಳು ಚಿತ್ರದಲ್ಲಿದ್ದಾಳೆಂದು ಯಾರೋ ಹೇಳಿದ್ದನ್ನು ಕೇಳಿ ಆಸೆಯಿಂದ ನೋಡಲು ಹೋಗಿದ್ದನಂತೆ. ಬಾಗಿಲಲ್ಲಿ ನಿಂತು ನೋಡಿದ. ಅವಳೇ ಇದ್ದಳು. ಆದರೆ ಅವಳ ಹಿಂದೆ, ಅವಳ ಲಂಗಕ್ಕೆ ತಾಗುವ ಹಾಗೆ, ಗೋದ್ರಿಯ ಸಿವುಡುಗಳು ಸಾಲಾಗಿ ನಿಂತಿದ್ದವು. ಗಾಡಿ ಬಂದಿರಲಿಲ್ಲ. ಡೋಲು ಬಾರಿಸಿರಲಿಲ್ಲ. ಸಿವುಡು ನಿಂತ ಹೊಲದಲ್ಲಿ ಅವನ ಮಗಳು ಬಗ್ಗಿ ತೆನೆ ಆಯುತ್ತಿದ್ದಳು.

ಅಪ್ಪನ ಕೈಯಲ್ಲಿ ಡೋಲು, ಮಗಳು ಯಾಕೆ ಕಾಯುತ್ತಾಳೆ ಎಂದು ಗೋದ್ರಿ ಬಹಳ ವರ್ಷಗಳಿಂದ ಆಡಿಕೊಳ್ಳುತ್ತಿದ್ದ. ಸಂತೆಯಲ್ಲಿ, ಚರ್ಚಿನ ಬಾಗಿಲಲ್ಲಿ, ಅವಳಿಗೆ ಕೇಳುವ ಹಾಗೆ. ಅವಳು ಒಂದು ದಿನವೂ ಡೋಲಿಗೆ ಮುಂಚೆ ಇಳಿದವಳಲ್ಲ. ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿಯುತ್ತಿದ್ದಳು.

"ಮಾರನೇ ದಿನ ಹೋಗಿ ಟೋಪಿ ತೆಗೆದು ಕೇಳ್ಕೊಂಡೆ," ಎಂದ ಬಾರ್ನಬೆ. "ಸಿವುಡು ತೆಗೆದುಬಿಡಿ ಸ್ವಾಮಿ ಅಂತ. ಅವರು ತಿರುಗಿ ಕೂಡ ನೋಡ್ಲಿಲ್ಲ. ಅದನ್ನ ತೆಗೆದ್ರೆ ಕಣ್ಣು ಎಲ್ಲಿ ಕೂತ್ಕೊಳ್ಳುತ್ತೆ ಅಜ್ಜಾ ಅಂದ್ರು."

"ಪ್ಯಾರಿಸಲ್ಲಿ ಅವಳನ್ನ ಯಾರು ಗುರುತು ಹಿಡೀತಿದ್ರು? ಸಿವುಡಿನ ವಿಷಯ ಅಲ್ಲಿ ಯಾರಿಗೆ ಗೊತ್ತು?" ಎಂದು ದಫೇದಾರ ಕೇಳಿದ.

"ಯಾರಿಗೂ ಗೊತ್ತಿಲ್ಲ."

"ದೇವರಿಗೆ ನಿಜ ಗೊತ್ತಲ್ಲಪ್ಪಾ."

"ಗೊತ್ತು. ಆದ್ರೆ ಅವಳು ಕೇಳಿದ್ದು ನನ್ನನ್ನ." ಮುದುಕ ಹಲಗೆಯ ಮೇಲಿನ ನೀಲಿ ಬೆನ್ನನ್ನು ಹೆಬ್ಬೆರಳಿನಿಂದ ಮುಟ್ಟಿದ. "ಜ್ವರದಲ್ಲಿ, ಕೊನೇ ದಿನ. ಅಪ್ಪಾ, ನಾನು ಯಾವತ್ತಾದ್ರೂ ಡೋಲಿಗೆ ಮುಂಚೆ ಇಳಿದಿದೀನಾ ಅಂದ್ಲು. ಇಲ್ಲ ಮಗಳೇ, ನಾನಿದೀನಿ ಸಾಕ್ಷಿಗೆ ಅಂದೆ. ಆಮೇಲೆ ಮಾತಾಡ್ಲಿಲ್ಲ. ಸಾಕ್ಷಿ ಅಂದೋನು ಸುಮ್ಮನೆ ಹೇಗಿರ್ಲಿ?"

ಕಾರ್ನಿವಲ್ ದಿನ ಮಧ್ಯಾಹ್ನ ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿಕೊಂಡು ಹೋಗಿದ್ದ. ಮನೆಯಲ್ಲಿ ಅವಳನ್ನು ಸಿವುಡುಗಳ ನಡುವಿನಿಂದ ಕತ್ತರಿಸಿ ಬೇರೆ ಮಾಡಿದ. ಉಳಿದ ಬಟ್ಟೆಯನ್ನು ಹುಲ್ಲಿನೊಳಗೆ ಸುತ್ತಿ ಪಂಜು ಕಟ್ಟಿದ. ಅವಳನ್ನು ಸುಡಲು ಕೈ ಬರಲಿಲ್ಲ.

"ಅವಳೆಲ್ಲಿದ್ದಾಳೆ?"

ಬಾರ್ನಬೆ ಡೋಲಿನ ಕಡೆ ನೋಡಿದ.

ವಿಟ್ಕಂನನ್ನೂ ಮದಾಂ ಪೆಲ್ಲೆಯನ್ನೂ ಪಂಚರಾಗಿಟ್ಟುಕೊಂಡು ಹನ್ನೊಂದು ಗಂಟೆಗೆ ಡೋಲನ್ನು ಬಿಚ್ಚಿದರು. ಹಗ್ಗ ಸಡಿಲಿಸಿ ಮೇಲಿನ ಚರ್ಮ ತೆಗೆದಾಗ ಒಳಗೋಡೆಗೆ ಅಂಟಿದ ಹಾಗೆ ಸುತ್ತಿಟ್ಟ ಬಟ್ಟೆಯ ತುಂಡು ಕಾಣಿಸಿತು. ಬಿಡಿಸಿ ಹಾಸಿದರು. ಹೊಲವಿಲ್ಲ, ಆಕಾಶವಿಲ್ಲ. ನೀಲಿ ಲಂಗದ ಹೆಂಗಸೊಬ್ಬಳು ಎಡಗೈಯನ್ನು ಬೆನ್ನಿನ ಮೇಲಿಟ್ಟು ಬಗ್ಗಿದ್ದಳು. ಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಮದಾಂ ಪೆಲ್ಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ನೆಗಡಿಯ ತಮಾಷೆ ಅವಳಿಗೆ ನೆನಪಾಗಿರಬೇಕು.

ಮೊಂತೆಲ್ ಬಂದು ನೋಡಿದ. ಮೊದಲು ಕೂಗಾಡಿದ. ಆಮೇಲೆ ದಫೇದಾರ ಹೇಳಿದ್ದನ್ನು ಕೇಳಿ ಗೋಡೆಗೆ ಒರಗಿದ.

"ಸಿವುಡಾ? ಅಷ್ಟಕ್ಕೇನಾ? ಆ ಹೊಲದಲ್ಲಿ ಸಿವುಡೇ ಇರ್ಲಿಲ್ಲರೀ. ಅದನ್ನ ನಾನು ಜನವರಿಯಲ್ಲಿ ಕೊಟ್ಟಿಗೇಲಿ ಕೂತು ಸೇರಿಸಿದ್ದು. ಅವಳ ಅಪ್ಪ ಅಂತ ಒಂದು ಮಾತು ಹೇಳಬಾರದಿತ್ತಾ ನನಗೆ?"

"ನಿಮ್ಮ ಹತ್ರ ಬಂದಿದ್ದ ಸ್ವಾಮಿ. ನೀವು ತಿರುಗಲಿಲ್ಲ."

ಹೇಳುವಾಗ ದಫೇದಾರನ ದನಿ ಗಡುಸಾಗಿತ್ತು. ಆದರೆ ಆ ಸಿಟ್ಟಿನಲ್ಲಿ ಮೊಂತೆಲನ ಪಾಲು ಅರ್ಧಕ್ಕಿಂತ ಕಡಿಮೆ. 'ಹಳದಿ ಬಣ್ಣ' ಎಂಬುದಕ್ಕೆ ಏನರ್ಥ ಎಂದು ಮೊದಲ ದಿನವೇ ಒಂದು ಮಾತು ಕೇಳಿದ್ದರೆ, ಚಿತ್ರದ ಉಳಿದ ಭಾಗವಾದರೂ ಸುಡದೆ ಉಳಿಯುತ್ತಿತ್ತು, ಮುದುಕನನ್ನೂ ಹೇಗಾದರೂ ಉಳಿಸಬಹುದಾಗಿತ್ತು. ಕೇಳುವುದೇ ಅವನ ಕೆಲಸವಾಗಿತ್ತು. ಚಿತ್ರ ಬರೆಯುವವನು ತಿರುಗಲಿಲ್ಲ, ಕಳ್ಳನನ್ನು ಹಿಡಿಯುವವನು ಕೇಳಲಿಲ್ಲ.

ಕಾನೂನಿನ ಪ್ರಕಾರ ಬಾರ್ನಬೆಯ ದಸ್ತಗಿರಿ ಆಯಿತು. ಮಧ್ಯಾಹ್ನ ಎರಡು ಗಂಟೆಗೆ ಮೆಲನ್ ಪಟ್ಟಣದ ನ್ಯಾಯಾಲಯಕ್ಕೆ ಅವನನ್ನು ಕರೆದೊಯ್ಯಲು ಗಾಡಿ ಬಂತು. ಬೇಡಿ ಹಾಕಬೇಕೇ ಎಂದು ತಿಯೆಬೊ ಕಣ್ಣಿನಲ್ಲೇ ಕೇಳಿದ. ದಫೇದಾರ ತಲೆಯಾಡಿಸಿದ, ಬೇಡವೆಂದು.

ಹೊರಡುವ ಮುಂಚೆ ಹೇಳಿಕೆಗೆ ರುಜು ಹಾಕಲು ಕೊಟ್ಟಾಗ ಮುದುಕ ಲೇಖನಿ ಹಿಡಿದು ನಿಂತ. ಅದನ್ನು ಅವನು ಓದಲಾರ, ಹೆಸರು ಬರೆಯುವಷ್ಟು ಮಾತ್ರ ಬಲ್ಲ.

"ಇದರಲ್ಲಿ ನಾನು ಮಾಡಿದ್ದೆಲ್ಲಾ ಇದೆ ತಾನೇ?"

"ಇದೆ."

"ಅವಳದ್ದು?"

ಅವಳದು ಈ ಮೊಕದ್ದಮೆಗೆ ಬೇಕಾಗಿರಲಿಲ್ಲ. ಗೋದ್ರಿಯ ಹಳೆಯ ಮಾತಿನ ಮೇಲೆ ಯಾವ ದೂರೂ ದಾಖಲಾಗಿರಲಿಲ್ಲ. ದಫೇದಾರ ಬ್ರೋಸಾರ್ ತಿಯೆಬೊನ ಕೈಯಿಂದ ಕಾಗದ ತೆಗೆದುಕೊಂಡು ಕೂತು ತಾನೇ ಬರೆದ, ಬರೆದದ್ದನ್ನು ಗಟ್ಟಿಯಾಗಿ ಓದಿದ: "ಸದರಿ ಹೊಲದಲ್ಲಿ ಕೊನೆಯ ಸಿವುಡು ಗಾಡಿಗೇರಿ ಹೋದ ತರುವಾಯ ಹೊಲಗಾವಲಿನವರು ಡೋಲು ಬಾರಿಸಿದರು. ಅದಾದ ಮೇಲೆಯೇ ಸೊಲಾಂಜ್ ಎಂಬಾಕೆ ಹೊಲಕ್ಕೆ ಇಳಿದಳು. ಇದಕ್ಕೆ ಚಿತ್ರಕಾರರು ಸ್ಥಳದಲ್ಲೇ ಬರೆದ ಸಣ್ಣ ಹಲಗೆಯೇ ರುಜುವಾತು. ಹಲಗೆಯನ್ನು ಲಗತ್ತಿಸಿದೆ."

ಹಲಗೆಯ ಒಡೆಯ ವಿಟ್ಕಂ ಬಾಗಿಲಲ್ಲಿ ನಿಂತಿದ್ದ. ಅವನು ಬೇಡವೆನ್ನಲಿಲ್ಲ. ಮೊಂತೆಲ್ ಮುಂದೆ ಬಂದು, ಕೇಳದೆಯೇ, ಸಾಕ್ಷಿಯೆಂದು ತನ್ನ ಹೆಸರನ್ನು ಕೆಳಗೆ ಬರೆದ. ಆಮೇಲೆ ಬಾರ್ನಬೆ ರುಜು ಹಾಕಿದ.

"ಆಗಸ್ಟಿನಲ್ಲಿ ಡೋಲು ಯಾರು ಬಾರಿಸ್ತಾರೆ?" ಗಾಡಿ ಹತ್ತುವಾಗ ಕೇಳಿದ.

"ಚರ್ಮ ಮತ್ತೆ ಕಟ್ಟಿಸ್ತೀನಿ," ಎಂದ ದಫೇದಾರ.

ಗಾಡಿ ಕಾಡಿನ ತಿರುವಿನಲ್ಲಿ ಮರೆಯಾಯಿತು. ಮೇಲಿನವರಿಗೆ ಕಳ್ಳ ಸಿಕ್ಕಿದ್ದೇ ಸಾಕಾಗಿತ್ತು, ವರ್ಗದ ಮಾತು ಮತ್ತೆ ಬರಲಿಲ್ಲ. ಬ್ರೋಸಾರ್ ಗೋರಿಯ ಹತ್ತಿರ ಉಳಿದ. ಗೋರಿ ಹತ್ತಿರ ಒಬ್ಬರು ಇರಬೇಕು ಎಂದವನು ಹೋದ.

ಸಂಜೆಯ ಗಂಟೆ ಹೊಡೆದಾಗ ಅವನು ಎಂದಿನಂತೆ ಗೋಡೆ ದಾಟಿ ಕ್ಲೆಮಾನ್ಸಳ ಬಳಿ ಹೋದ. ಆ ದಿನ ಅಲ್ಲಿಂದ ಮುಂದಕ್ಕೂ ನಡೆದು, ಸಾಲಿನ ಕೊನೆಯಲ್ಲಿ ಮರದ ಶಿಲುಬೆಯಿದ್ದ ಹೊಸ ಗೋರಿಯ ಮುಂದೆ ಟೋಪಿ ತೆಗೆದು ಮಂಡಿಯೂರಿದ.

ದಯಾಳುವಾದ ತಂದೆಯೇ, ಇವಳು ನಿನ್ನ ಹೊಲಕ್ಕೆ ಹೊತ್ತಿಗೆ ಮುಂಚೆ ಇಳಿದವಳಲ್ಲ. ಉಳ್ಳವರ ಗಾಡಿ ಹೋದ ಮೇಲೆ ಕೂಳೆಯಲ್ಲಿ ಉಳಿದದ್ದನ್ನಷ್ಟೇ ಆಯ್ದುಕೊಂಡವಳು. ಬದುಕಿನುದ್ದಕ್ಕೂ ಬಗ್ಗಿದ ಇವಳ ಬೆನ್ನು ನಿನ್ನ ಸನ್ನಿಧಿಯಲ್ಲಿ ನೆಟ್ಟಗಾಗಲಿ. ಮನುಷ್ಯರು ಬರೆಯದೆ ಬಿಟ್ಟ ಇವಳ ಮುಖದ ಮೇಲೆ ನಿನ್ನ ಬೆಳಕು ಬೀಳಲಿ. ದೂರ ಹೋದ ಇವಳ ತಂದೆಯನ್ನು ಕಾಯಿ. ಸೊಲಾಂಜಳ ಆತ್ಮಕ್ಕೂ ನನ್ನ ಕ್ಲೆಮಾನ್ಸಳ ಆತ್ಮಕ್ಕೂ ಎಂದೆಂದಿಗೂ ನಿನ್ನ ಶಾಂತಿಯನ್ನು ಕೊಡು. ಆಮೆನ್.